ಬೀಗದೊಳಗಿನ ಶಾಮಿಯಾನಕ್ಕೆ ವಕೀಲರನ್ನು ಹುಡುಕಿದ್ದು

ಕಂಪಲಾಪುರದ ಬ್ಯಾರನ್ನಿನ ಬಾಗಿಲಲ್ಲಿ ನಮ್ಮ ಬೀಗ ಹಾಗೆಯೇ ಇತ್ತು. ಅದರ ಮೇಲೆ ದಪ್ಪ ಸರಪಳಿ ಸುತ್ತಿ ಇನ್ನೊಂದು ಬೀಗ ಜಡಿದಿದ್ದರು. ನನ್ನ ಗಂಡ ಟೆಂಪೋದಿಂದ ಇಳಿದು ಬಂದು, ಕೈಯಲ್ಲಿದ್ದ ಬೀಗದ ಕೈಯನ್ನೊಮ್ಮೆ, ಆ ಹೊಸ ಬೀಗವನ್ನೊಮ್ಮೆ ನೋಡಿ, "ಇದ್ಯಾವಾಗ ಮರಿ ಹಾಕ್ತು?" ಎಂದರು. ನನಗೆ ನಗು ಬಂತು. ಆಮೇಲೆ ಕೆಲವು ದಿನ ನಗು ನನ್ನ ಹತ್ತಿರ ಸುಳಿಯಲಿಲ್ಲ.

ಹುಣಸೂರಿನಲ್ಲಿ ನಮ್ಮದು ಶಾಮಿಯಾನದ ಅಂಗಡಿ. ಅಂಗಡಿ ಎಂದರೆ ರಸ್ತೆಗೆ ಮುಖ ಮಾಡಿದ ಒಂದು ಚಿಕ್ಕ ಕೋಣೆ, ಬುಕಿಂಗ್ ತೆಗೆದುಕೊಳ್ಳಲು ಅಷ್ಟೇ. ಬಟ್ಟೆ, ಕಂಬ, ಕುರ್ಚಿ, ಅಡುಗೆಯ ಪಾತ್ರೆ ಎಲ್ಲವೂ ಇದ್ದದ್ದು ಕಂಪಲಾಪುರದಲ್ಲಿ. ಹೊಗೆಸೊಪ್ಪು ಹದ ಮಾಡಲು ಕಟ್ಟುವ ಎತ್ತರದ ಗೋಡೆಯ ಮನೆಗೆ ನಮ್ಮ ಕಡೆ ಬ್ಯಾರನ್ನು ಅನ್ನುತ್ತಾರೆ. ಹೊಗೆಸೊಪ್ಪು ಬೆಳೆಯುವುದನ್ನು ಬಿಟ್ಟ ರೈತರೊಬ್ಬರು ತಮ್ಮ ಹಳೆಯ ಬ್ಯಾರನ್ನನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದರು. ಶಾಮಿಯಾನದವರಿಗೆ ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಂಬಗಳನ್ನು ನಿಲ್ಲಿಸಿಯೇ ಇಡಬಹುದು, ತೇವ ಇಲ್ಲ, ಗೋಡೆಯಲ್ಲಿ ಉಳಿದ ಹೊಗೆಸೊಪ್ಪಿನ ಘಾಟಿಗೆ ಹುಳುವೂ ಬಟ್ಟೆಯ ಹತ್ತಿರ ಬರುವುದಿಲ್ಲ.

ಆ ಹಿರಿಯರು ತೀರಿಕೊಂಡು ಸ್ವಲ್ಪ ಕಾಲವಾಗಿತ್ತು. ಅವರಿಗೆ ಇಬ್ಬರು ಗಂಡುಮಕ್ಕಳು. ಬಾಡಿಗೆ ತೆಗೆದುಕೊಳ್ಳುತ್ತಿದ್ದದ್ದು ಕಿರಿಯ ಮಗ. ಬೀಗ ಹಾಕಿದ್ದು ಹಿರಿಯ ಮಗ. ನಾವು ಬಾಗಿಲಲ್ಲಿ ನಿಂತಿದ್ದನ್ನು ನೋಡಿ ಅವರೇ ಹಿತ್ತಲಿನಿಂದ ಬಂದರು.

"ಬೀಗ ನಂದೇ ಕಣಮ್ಮ. ನಮ್ಮಪ್ಪ ಕಟ್ಟಿಸಿದ ಬ್ಯಾರನ್ನು. ಅವನೊಬ್ನೇ ಬಾಡ್ಗೆಗೆ ಕೊಡಕ್ಕೆ ಅವನ್ಯಾರು?"

"ಅಣ್ಣ, ಕೊಟ್ಟಿದ್ದು ಅಪ್ಪಾಜೀನೇ ಅಲ್ವಾ? ನಾವು ಇವತ್ತು ನಿನ್ನೆ ಬಂದೋರಾ?"

"ಅಪ್ಪ ಇದ್ದಾಗಿನ ಮಾತು ಬೇರೆ. ಈಗ ಪಾಲಾಗ್ಬೇಕು. ಅಲ್ಲೀಗಂಟ ಒಂದು ತಪ್ಲೇನೂ ಈಚೆ ಬರಂಗಿಲ್ಲ. ನಾನು ಬೀಗ ತಗುದ್ರೆ ಅವನು ಒಳಿಕ್ಕೆ ಸೇರ್ಕಂತಾನೆ. ನೀವು ಅವನ ಕಡೆಯೋರೇ ಅಲ್ವಾ?"

ನಾವು ಯಾರ ಕಡೆಯವರೂ ಅಲ್ಲ ಎಂದು ಎಷ್ಟು ಹೇಳಿದರೂ ಅವರು ಕೇಳಲಿಲ್ಲ. ಕಿರಿಯನಿಗೆ ಫೋನ್ ಮಾಡಿದೆ. ಅವನು ಕಾಕನಕೋಟೆಯ ಕಡೆ ಒಂದು ರೆಸಾರ್ಟಿನಲ್ಲಿ ಜೀಪು ಓಡಿಸುತ್ತಿದ್ದ. "ಒಡ್ದಾಕಿ ಅಕ್ಕ ಆ ಬೀಗವ, ನಾನಿವ್ನಿ" ಎಂದ. ಇವನ ಮಾತು ಕೇಳಿ ಒಡೆದರೆ ಏನಾಗುತ್ತದೆ ಎಂದು ತಿಳಿಯದಷ್ಟು ದಡ್ಡರಲ್ಲ ನಾವು.

ಮದುವೆಯ ಕಾಲ ಶುರುವಾಗಿತ್ತು. ಎಲ್ಲಕ್ಕಿಂತ ಮೊದಲು ನಮ್ಮ ಮುಂದಿದ್ದದ್ದು ಎಚ್.ಡಿ.ಕೋಟೆ ತಾಲ್ಲೂಕಿನ ಒಂದು ಮದುವೆ, ಅಂತರಸಂತೆಯಿಂದ ಆಚೆಗೆ. ಹುಡುಗಿ ಛತ್ರ ಬೇಡವೆಂದು ಹಟ ಹಿಡಿದು, ತಾನು ಬೆಳೆದ ಮನೆಯ ಮುಂದಿನ ಹೊಲದಲ್ಲೇ ಮದುವೆಯಾಗಬೇಕೆಂದಿದ್ದಳು. ಅವಳ ತಂದೆ ಆ ಹೊಲವನ್ನು ಅದಕ್ಕಾಗಿಯೇ ಬಿತ್ತದೆ ಬಿಟ್ಟಿದ್ದರು. ಊರೆಲ್ಲ ಕೂರುವಷ್ಟು ನೆರಳು ನಾವು ಕಟ್ಟಬೇಕಿತ್ತು. ಬೇರೆ ಅಂಗಡಿಯವರಿಂದ ಸಾಮಾನು ತರೋಣವೆಂದರೆ ಅದೇ ಮುಹೂರ್ತಕ್ಕೆ ಹುಣಸೂರು, ಕೆ.ಆರ್.ನಗರ, ಎಲ್ಲ ಕಡೆ ಎಲ್ಲರ ಕಂಬಗಳೂ ಬುಕ್ ಆಗಿದ್ದವು. ಬಿಸಿಲಲ್ಲಿ ನೆಂಟರನ್ನು ಕೂರಿಸಿದ ಶಾಮಿಯಾನದವರು ಎಂದು ಒಂದು ಸಲ ಹೆಸರು ಬಂದರೆ ಆ ತಾಲ್ಲೂಕಿನಲ್ಲಿ ಮತ್ತೆ ನಮಗೆ ಕೆಲಸವಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಹುಡುಗಿ ತಾನೇ ಬಂದು ಬಟ್ಟೆಯ ಬಣ್ಣ ಆರಿಸಿ ಹೋಗಿದ್ದಳು, ಅರಿಶಿನ ಮತ್ತು ಹಸಿರು.

ಪೊಲೀಸ್ ಠಾಣೆಯಲ್ಲಿ ಕೂರಿಸಿ, ನೀರು ಕೊಟ್ಟು, ಮಾತು ಪೂರ್ತಿ ಕೇಳಿದರು. "ಅಣ್ಣತಮ್ಮಂದಿರ ಆಸ್ತಿ ವಿಚಾರ ಕಣಮ್ಮ, ಸಿವಿಲ್ ಆಯ್ತದೆ. ಒಬ್ರು ಒಳ್ಳೆ ಲಾಯರ್ ನೋಡ್ಕಳಿ" ಎಂದರು.

ಒಳ್ಳೆಯ ಲಾಯರ್! ಆ ಸಂಜೆಯೊಳಗೆ ನಮಗೆ ಗೊತ್ತಿರುವವರೆಲ್ಲ ಒಬ್ಬೊಬ್ಬ ಒಳ್ಳೆಯ ಲಾಯರನ್ನು ಹೇಳಿದರು. ನನ್ನ ನಾದಿನಿ ಹೇಳಿದ ಲಾಯರು ಅವಳ ಗೆಳತಿಗೆ ವಿಚ್ಛೇದನ ಕೊಡಿಸಿದವರು. ಪಕ್ಕದ ಅಂಗಡಿಯವರು ಹೇಳಿದವರು ಅಪಘಾತದ ಪರಿಹಾರ ಕೊಡಿಸುವುದರಲ್ಲಿ ಎತ್ತಿದ ಕೈ. ನಮಗೆ ಬೇಕಾದದ್ದು ಯಾರು ಎಂದು ಮಾತ್ರ ಯಾರಿಗೂ ತಿಳಿದಿರಲಿಲ್ಲ, ನಮಗೂ ಸಹ.

ಮೊದಲು ಮೈಸೂರಿಗೆ ಹೋದೆವು. ನಮ್ಮ ಹಳೆಯ ಗಿರಾಕಿಯೊಬ್ಬರು ಅಲ್ಲಿನ ದೊಡ್ಡ ವಕೀಲರೊಬ್ಬರ ಹತ್ತಿರ ಮಾತಾಡಿ ಸಮಯ ಕೊಡಿಸಿದ್ದರು. ಆಫೀಸಿನ ಗೋಡೆಯ ತುಂಬ ಪುಸ್ತಕ, ಕಾಯುವವರ ಸಾಲು. ಅವರು ದೊಡ್ಡವರೇ ಹೌದು, ಆದರೆ ಬಿಗುಮಾನ ಇರಲಿಲ್ಲ. ನನ್ನ ಕಥೆ ಮುಗಿಯುತ್ತಲೇ ಕನ್ನಡಕ ತೆಗೆದಿಟ್ಟು ನಕ್ಕರು.

"ನೋಡಿ ತಾಯಿ, ನಾನು ಕೊಲೆ ಕೇಸು ನಡೆಸೋನು. ನಿಮಗೆ ಹಲ್ಲು ನೋವು, ನೀವು ಮೂಳೆ ಡಾಕ್ಟರ ಹತ್ರ ಬಂದಿದ್ದೀರ. ನಾನು ನಿಮ್ಮ ಕೇಸು ತಗೊಂಡ್ರೆ ನನ್ನ ಜೂನಿಯರ್ ಒಬ್ಬ ಪಿರಿಯಾಪಟ್ಟಣಕ್ಕೆ ಬಸ್ಸಲ್ಲಿ ಬರ್ತಾನೆ, ಅಷ್ಟೇ ನಿಮಗೆ ಸಿಗೋದು."

"ಪಿರಿಯಾಪಟ್ಟಣ ಯಾಕೆ ಸರ್? ನಾವು ಇರೋದು ಹುಣಸೂರು" ಎಂದೆ.

"ಬೀಗ ಬಿದ್ದಿರೋ ಜಾಗ ಯಾವ ತಾಲ್ಲೂಕು? ಕೇಸು ಅಲ್ಲೇ ಹಾಕ್ಬೇಕು. ಅಲ್ಲಿ ದಿನಾ ನಿಲ್ಲೋ ಸಿವಿಲ್ ವಕೀಲರು ನಿಮಗೆ ಬೇಕು. ಯಾರು ಅಂತ ನಾನು ಹೇಳಲ್ಲ. ಒಂದು ಬೆಳಗ್ಗೆ ಹೋಗಿ ಕೋರ್ಟ್ ಹಾಲಲ್ಲಿ ಸುಮ್ನೆ ಕೂತು ನೋಡಿ. ಯಾರು ಬೇಕಾದ್ರೂ ಕೂರಬಹುದು, ಯಾರೂ ಏನೂ ಅನ್ನಲ್ಲ."

ಫೀಸು ಎಷ್ಟು ಎಂದು ಕೇಳಿದ್ದಕ್ಕೆ, ಕೇಸು ತಗೊಳ್ಳದೆ ಫೀಸೆಲ್ಲಿಂದ ಬಂತು ಎಂದು ಕೈ ಮುಗಿದು ಕಳಿಸಿಬಿಟ್ಟರು.

ಹಿಂದಿರುಗುವಾಗ ನನಗೆ ಹಗುರವಾಗಿತ್ತು, ನನ್ನ ಗಂಡನಿಗೆ ನಿರಾಸೆಯಾಗಿತ್ತು. ಅವರಿಗೆ ಯಾರಾದರೂ ಮೇಜು ಕುಟ್ಟಿ ಮಾತಾಡುವವರು ಬೇಕಿತ್ತು. ಮಾರನೆಯ ದಿನ ಅಂಥವರೊಬ್ಬರನ್ನು ಅವರೇ ಅಂಗಡಿಗೆ ಕರೆತಂದರು. ಟೀ ಅಂಗಡಿಯಲ್ಲಿ ಪರಿಚಯವಾದ ವಕೀಲರಂತೆ. ಕುರ್ಚಿಯಲ್ಲಿ ಕೂರುವ ಮೊದಲೇ, "ಗ್ಯಾರಂಟಿ ಮೇಡಂ. ನನಗೆ ಬಿಟ್ಬಿಡಿ" ಎಂದರು. ಏನು ಮಾಡುತ್ತೀರಿ ಎಂದು ಕೇಳಿದೆ.

"ಒಳಗೆ ನಿಮ್ಮ ಒಡವೆ ಇತ್ತು ಅಂತ ಕಂಪ್ಲೇಂಟ್ ಕೊಡಿ. ಕಳ್ಳತನ ಅಂದ್ರೆ ಆ ಯಪ್ಪ ತಾನಾಗೇ ಓಡಿ ಬಂದು ಬಾಗಿಲು ತೆಗೀತಾನೆ."

"ಶಾಮಿಯಾನದ ಗೋದಾಮಲ್ಲಿ ಒಡವೆ ಯಾರು ಇಡ್ತಾರೆ ಸರ್?"

"ಅದೆಲ್ಲ ನಾನು ನೋಡ್ಕೊತೀನಿ. ನೀವು ಇಲ್ಲೊಂದು ಸೈನ್ ಹಾಕಿ." ವಕಾಲತ್ತಿನ ಹಾಳೆಯನ್ನು ನನ್ನ ಮುಂದಿಟ್ಟರು. ನನ್ನ ಪರವಾಗಿ ಇವರು ನಿಲ್ಲಬಹುದು ಎಂದು ನಾನು ಕೊಡುವ ಒಪ್ಪಿಗೆ ಅದು.

ನನ್ನ ಗಂಡ ಪೆನ್ನನ್ನೂ ತೆಗೆದುಕೊಟ್ಟರು. ನಾನು ಮುಟ್ಟಲಿಲ್ಲ. ಯೋಚಿಸಿ ಹೇಳುತ್ತೇವೆ ಎಂದು ಟೀ ತರಿಸಿ ಕಳಿಸಿದೆ. ಮನೆಯಲ್ಲಿ ನಾವು ಉರ್ದು ಮಾತಾಡುವವರು. ಅವತ್ತು ನನ್ನ ಗಂಡ ಸಿಟ್ಟಿನಲ್ಲಿ ಕನ್ನಡದಲ್ಲೇ ಮಾತಾಡಿದರು. "ನೀನು ಸತ್ಯ ಹೇಳ್ಕೊಂಡು ಕೂತಿರು. ಮದುವೆ ದಿನ ಆ ಹೊಲದಲ್ಲಿ ಇಬ್ರೂ ಕೊಡೆ ಹಿಡ್ಕೊಂಡು ನಿಲ್ಲೋಣ."

"ಆ ಅಣ್ಣ ನಮ್ಮ ಒಡವೆ ಕದ್ದಿದಾರಾ?" ಎಂದು ಕೇಳಿದೆ.

ಅವರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, "ಬೆಳಗ್ಗೆ ಪಿರಿಯಾಪಟ್ಟಣಕ್ಕೆ ಟೆಂಪೋದಲ್ಲೇ ಹೋಗೋಣ, ಬಸ್ಸಿಗೆ ಕಾಯೋದು ಬೇಡ" ಎಂದರು. ಅವರ ಕ್ಷಮೆ ಯಾವಾಗಲೂ ಹೀಗೇ ಬರುವುದು.

ಕೋರ್ಟ್ ಹಾಲಿನ ಹಿಂದಿನ ಬೆಂಚಿನಲ್ಲಿ ನಾವಿಬ್ಬರೂ ಕೂತೆವು. ನಾನು ಬುರ್ಖಾದಲ್ಲಿ, ಅವರು ಇಸ್ತ್ರಿ ಮಾಡಿದ ಅಂಗಿಯಲ್ಲಿ, ಹೆಣ್ಣು ನೋಡಲು ಬಂದವರ ಹಾಗೆ. ನಿಜವಾಗಿಯೂ ಅದೇ ಕೆಲಸ ತಾನೇ. ನಮ್ಮ ದಂಧೆಯಲ್ಲಿ ಅಡುಗೆಯವರನ್ನು ಗೊತ್ತು ಮಾಡುವಾಗ ಅವರು ಹೇಳುವುದನ್ನು ನಾನು ಕೇಳುವುದಿಲ್ಲ. ಅವರು ಅಡುಗೆ ಮಾಡುತ್ತಿರುವ ಇನ್ನೊಂದು ಮದುವೆಗೆ ಹೋಗಿ, ಒಲೆಯ ಹತ್ತಿರ ಹೇಗಿದ್ದಾರೆ ಎಂದು ನೋಡಿ ಬರುತ್ತೇನೆ. ಇಲ್ಲೂ ಹಾಗೇ ನೋಡತೊಡಗಿದೆ.

ಒಬ್ಬರು ಬಹಳ ಚೆನ್ನಾಗಿ ಮಾತಾಡಿದರು, ಧ್ವನಿ ಹೊರಗಿನ ಹುಣಸೆಮರದ ತನಕ ಕೇಳುವಂತಿತ್ತು. ನ್ಯಾಯಾಧೀಶರು ಒಂದು ಕಾಗದ ಕೇಳಿದಾಗ ಅದು ಅವರ ಹತ್ತಿರ ಇರಲಿಲ್ಲ, ಕೇಸು ಮುಂದಕ್ಕೆ ಹೋಯಿತು. ಇನ್ನೊಬ್ಬರ ಕೇಸು ಕೂಗಿದಾಗ ಅವರೇ ಇರಲಿಲ್ಲ. ಆಮೇಲೆ ಎದ್ದು ನಿಂತದ್ದು ನನ್ನ ವಯಸ್ಸಿನ ಒಬ್ಬ ಹೆಂಗಸು. ಮೆಲ್ಲನೆ ಮಾತು. ನ್ಯಾಯಾಧೀಶರು ಏನೋ ಕೇಳಿದರು. ಅವರು ಒಂದು ಕ್ಷಣ ನಿಂತು, "ಅದು ನನಗೆ ಈಗ ಗೊತ್ತಿಲ್ಲ. ನೋಡಿ ಮಧ್ಯಾಹ್ನ ಹೇಳ್ತೀನಿ" ಎಂದರು. ಗೊತ್ತಿಲ್ಲ ಎಂದು ಅಷ್ಟು ಸಲೀಸಾಗಿ ಹೇಳಿದ್ದನ್ನು ಕೇಳಿ ನನ್ನ ಗಂಡನಿಗೆ ಗಾಬರಿಯಾಯಿತು, ನನಗೆ ಕುತೂಹಲವಾಯಿತು. ಊಟಕ್ಕೆ ಹೋಗದೆ ಮಧ್ಯಾಹ್ನದ ತನಕ ಕೂತೆವು. ಅವರು ಬಂದರು, ಬೆಳಗಿನ ಪ್ರಶ್ನೆಗೆ ಉತ್ತರ ಹೇಳಿದರು, ನ್ಯಾಯಾಧೀಶರು ತಲೆಯಾಡಿಸಿ ಬರೆದುಕೊಂಡರು.

ಹೊರಗೆ ಅವರ ಕಕ್ಷಿದಾರ, ಪಂಚೆಯುಟ್ಟ ಒಬ್ಬ ಅಜ್ಜ, ಕಾಯುತ್ತಿದ್ದ. ಲಾಯರಮ್ಮ ಅವನ ಜೊತೆ ಜಗಲಿಯ ಮೇಲೆ ಕೂತು ಒಳಗೆ ಏನಾಯಿತೆಂದು ವಿವರಿಸಿದರು. ಎಲ್ಲ ಕೇಳಿಕೊಂಡು ಅಜ್ಜ, "ಅಂಗಂದ್ರೆ ನಾವು ಸೋತ್ವಾ ಗೆದ್ವಾ?" ಎಂದ. "ಎರಡೂ ಇಲ್ಲ ತಾತ. ಇವತ್ತು ಬೇಲಿ ಕೀಳ್ಬೇಡಿ ಅಂತ ಹೇಳಿದ್ರು. ನಿಮ್ಮ ಹುಣಸೆ ಗಿಡ ಸದ್ಯಕ್ಕೆ ಅಲ್ಲೇ ಇರ್ತದೆ." ಅಜ್ಜನಿಗೆ ಅಷ್ಟು ಸಾಕಾಯಿತು. ನನಗೂ ಅಷ್ಟು ಸಾಕಾಯಿತು. ಅಜ್ಜ ಏಳುತ್ತಲೇ ನಾನು ಹೋಗಿ ಆ ಜಾಗದಲ್ಲಿ ಕೂತೆ.

ಅವರ ಆಫೀಸು ಒಂದು ಬೇಕರಿಯ ಮೇಲೆ. ಕಿರಿದಾದ ಮೆಟ್ಟಿಲು ಹತ್ತಬೇಕು, ಮೇಲೆಲ್ಲ ಬನ್ನಿನ ವಾಸನೆ. ನಮ್ಮ ಕಥೆಯನ್ನು ಮಧ್ಯೆ ಬಾಯಿ ಹಾಕದೆ ಕೇಳಿದರು. ಆಮೇಲೆ ಅವರು ಕೇಳಿದ ಮೊದಲನೇ ಪ್ರಶ್ನೆ ಇದು:

"ನಿಮಗೆ ಬ್ಯಾರನ್ನು ಬೇಕೋ, ಸಾಮಾನು ಬೇಕೋ?"

"ಎರಡೂ ಬೇಕು" ಎಂದರು ನನ್ನ ಗಂಡ.

"ಎರಡೂ ಕೇಳಬಹುದು. ನೀವು ಬಾಡಿಗೆದಾರರು ಅಂತ ಸಾಬೀತು ಮಾಡ್ಬೇಕು, ಬಾಡಿಗೆ ಕರಾರು ಬರೆದಿಲ್ಲ, ಅಣ್ಣ ಅಲ್ಲ ಅಂತಾರೆ, ತಮ್ಮ ಹೌದು ಅಂತಾನೆ. ಕೇಸು ನಡೀತದೆ. ನಿಧಾನಕ್ಕೆ ನಡೀತದೆ. ನೀವು ಗೆಲ್ಲಲೂಬಹುದು. ಆದ್ರೆ ಅಷ್ಟರಲ್ಲಿ ಆ ಹುಡುಗಿಗೆ ಮಕ್ಕಳಾಗಿರ್ತವೆ." ನಕ್ಕು ಮುಂದುವರಿಸಿದರು. "ಸಾಮಾನು ಮಾತ್ರ ಸಾಕು ಅಂದ್ರೆ ದಾರಿ ಹತ್ತಿರ. ಇನ್ನೊಂದು ವಿಷಯ. ಮುಂದಿನ ವಾರದಿಂದ ಕೋರ್ಟಿಗೆ ಬೇಸಿಗೆ ರಜೆ. ನೀವು ಏನು ನಿರ್ಧಾರ ಮಾಡಿದ್ರೂ ಇವತ್ತೇ ಮಾಡ್ಬೇಕು."

ಬೇಸಿಗೆ ರಜೆಯ ಮಾತನ್ನು ಅಲ್ಲಿಯ ತನಕ ಯಾರೂ ನಮಗೆ ಹೇಳಿರಲಿಲ್ಲ.

ಈಗ ನನ್ನ ಸರದಿ. ಅಡುಗೆಯವರನ್ನು ಕೇಳುವ ಹಾಗೆಯೇ ಕೇಳಿದೆ. ಇಂಥ ಕೇಸು ಮೊದಲು ಮಾಡಿದ್ದೀರಾ? "ಮಾಡಿದ್ದೀನಿ. ಒಂದರಲ್ಲಿ ಬೀಗ ತೆಗೆಸಿದೆ. ಇನ್ನೊಂದರಲ್ಲಿ ಆಗಲಿಲ್ಲ, ಸಾಮಾನು ಯಾರದು ಅಂತ ತೋರಿಸೋಕೆ ನಮ್ಮ ಹತ್ರ ಏನೂ ಇರಲಿಲ್ಲ." ಕೋರ್ಟಿಗೆ ನೀವೇ ಬರುತ್ತೀರಾ? "ನಾನೇ. ನನಗೆ ಜೂನಿಯರ್ ಇಲ್ಲ." ಫೋನ್ ಮಾಡಿದರೆ ಎತ್ತುತ್ತೀರಾ? "ಕೋರ್ಟಲ್ಲಿ ಇರೋವಾಗ ಇಲ್ಲ. ಸಂಜೆ ನಾನೇ ಮಾಡ್ತೀನಿ." ಗೆಲ್ಲುತ್ತೀವಾ? "ಅದನ್ನ ಹೇಳೋ ಲಾಯರ್ ಬೇಕಾದ್ರೆ ಬೇರೆ ಕಡೆ ನೋಡ್ಬೇಕು ನೀವು." ಫೀಸನ್ನು ಅವರೇ ಒಂದು ಹಾಳೆಯಲ್ಲಿ ಬರೆದರು. ಯಾವ ಕೆಲಸ ಅದರಲ್ಲಿ ಸೇರಿದೆ, ಯಾವುದು ಸೇರಿಲ್ಲ ಎಂದು ಓದಿ ಹೇಳಿ ನಮಗೇ ಕೊಟ್ಟರು.

ನಾವು ಕೆಳಗಿಳಿದು ಬೇಕರಿಯ ಮುಂದೆ ನಿಂತೆವು. ನನ್ನ ಗಂಡನಿಗೆ ಬ್ಯಾರನ್ನನ್ನು ಬಿಡಲು ಮನಸ್ಸಿರಲಿಲ್ಲ. ಆ ಒಳಗೋಡೆಯ ಗೂಟಗಳನ್ನು ಅವರೇ ಹೊಡೆದದ್ದು, ಕಂಬ ಜೋಡಿಸುವ ಅಟ್ಟಣೆಯನ್ನು ಅವರೇ ಕಟ್ಟಿದ್ದು. "ತಪ್ಪು ಮಾಡಿದೋರು ಅವರು. ಜಾಗ ಬಿಡೋರು ನಾವು. ಇದ್ಯಾವ ನ್ಯಾಯ?" ಎಂದರು. ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನನಗೂ ಸುಮ್ಮನೆ ಸೋತ ಹಾಗೆ ಅನ್ನಿಸುತ್ತಿತ್ತು. ಬ್ಯಾರನ್ನು ನಮ್ಮದಲ್ಲ, ಅಣ್ಣತಮ್ಮಂದಿರ ನಡುವೆ ಸಿಕ್ಕಿಕೊಂಡ ಜಾಗದಲ್ಲಿ ಇನ್ನು ಮುಂದೆ ನೆಮ್ಮದಿಯಾಗಿ ಒಂದು ಕುರ್ಚಿಯನ್ನೂ ಇಡಲಾರೆವು ಎಂಬುದು ಮಾತ್ರ ಸ್ಪಷ್ಟವಾಗಿತ್ತು. "ಗೂಟ ಇನ್ನೊಂದು ಗೋಡೆಗೆ ಹೊಡೀಬಹುದು ರೀ" ಎಂದೆ. ಅವರು ಒಂದು ಬನ್ನನ್ನು ಪೂರ್ತಿ ತಿಂದು ಮುಗಿಸಿದರು. "ಸರಿ. ಸಾಮಾನು ಸಾಕು. ನಡಿ ಮೇಲಕ್ಕೆ" ಎಂದರು. ಮೇಲೆ ಹೋಗಿ ವಕಾಲತ್ತಿಗೆ ಇಬ್ಬರೂ ಸಹಿ ಹಾಕಿದೆವು.

ಅಲ್ಲಿಂದ ಕೆಲಸ ಓಡಿತು. ಸಾಮಾನು ನಮ್ಮದೆಂದು ತೋರಿಸಲು ಏನಿದೆ ಎಂದು ಕೇಳಿದರು. ಪಾತ್ರೆಗಳ ಮೇಲೆಲ್ಲ ನಮ್ಮ ಅಂಗಡಿಯ ಹೆಸರು ಕೆತ್ತಿಸಿದೆ, ಬಟ್ಟೆಯ ಅಂಚಿನಲ್ಲಿ ನಮ್ಮ ಗುರುತು ಹೊಲಿದಿದೆ ಎಂದೆ. ಇವು ಒಳಗಿವೆ, ಹೊರಗಿನದು ಹೇಳಿ ಎಂದರು. ನನ್ನ ಗಂಡನಿಗೆ ಒಂದು ಚಟ. ಲೋಡು ತುಂಬುವಾಗಲೆಲ್ಲ ವಿಡಿಯೋ ಮಾಡಿ, ಹಿಂದೆ ಕವ್ವಾಲಿ ಹಾಕಿ, ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು. ನಾನು ಬೈದು ಬೈದು ಸೋತಿದ್ದೆ. ಅವರ ಫೋನಿನಲ್ಲಿ ಅಂಥವು ರಾಶಿ ಇದ್ದವು. ಬ್ಯಾರನ್ನಿನ ಬಾಗಿಲು, ಒಳಗಿನ ಕಂಬಗಳ ಸಾಲು, ಕುರ್ಚಿ, ತಪ್ಪಲೆ. ಲಾಯರಮ್ಮ ಒಂದೊಂದನ್ನೂ ನೋಡಿ, "ಹಾಡು ಚೆನ್ನಾಗಿದೆ" ಎಂದರು. ನನ್ನ ಗಂಡ ನನ್ನ ಕಡೆ ತಿರುಗಿದ ಆ ನೋಟವನ್ನು ನಾನು ಇನ್ನೂ ಮರೆತಿಲ್ಲ.

ಆಮೇಲೆ ಅವರು ಇನ್ನೊಂದು ಪ್ರಶ್ನೆ ಕೇಳಿದರು. "ಒಳಗೆ ನಿಮ್ಮದಲ್ಲದ್ದು ಏನಾದರೂ ಇದೆಯಾ? ಈಗಲೇ ಹೇಳಿ." ಇತ್ತು. ಒಂದು ತಾಮ್ರದ ಹಂಡೆ. ಆ ಹಿರಿಯರು ಇದ್ದಾಗ ತಮ್ಮ ಮನೆಯ ಹಂಡೆಯನ್ನು ಬ್ಯಾರನ್ನಿನ ಮೂಲೆಯಲ್ಲಿ ಇಟ್ಟಿದ್ದರು, ಅದು ಹಾಗೇ ಉಳಿದಿತ್ತು. ಅದನ್ನೂ ದಾವೆಯಲ್ಲಿ ಬರೆದರು, ಇದು ನಮ್ಮದಲ್ಲ ಎಂದು.

ಹಿರಿಯ ಮಗ ನಮಗಿಂತ ಮೊದಲೇ ಕೋರ್ಟಿನಲ್ಲಿ ಕೆವಿಯಟ್ ಹಾಕಿದ್ದರು. ಹಾಗೆಂದರೆ ಅವರಿಗೆ ತಿಳಿಸದೆ, ಅವರ ಮಾತು ಕೇಳದೆ ಕೋರ್ಟು ಯಾವ ಆದೇಶವನ್ನೂ ಕೊಡುವ ಹಾಗಿಲ್ಲ. ಕೆಲಸ ಕೆಟ್ಟಿತೆಂದು ನಾನು ಕೂತುಬಿಟ್ಟೆ. ಲಾಯರಮ್ಮ ಮಾತ್ರ ಖುಷಿಪಟ್ಟರು. "ಒಳ್ಳೇದೇ ಆಯ್ತು. ಅವರ ವಕೀಲರು ಯಾರು ಅಂತ ಗೊತ್ತಾಯ್ತು. ಮೊದಲನೇ ದಿನವೇ ಅವರು ಎದುರಿಗಿರ್ತಾರೆ, ನೋಟಿಸು ಹಿಡಿದು ಅಲೆಯೋದು ತಪ್ತು."

ರಜೆಗೆ ಮುಂಚಿನ ಕೊನೆಯ ಕೆಲಸದ ದಿನ ನಮ್ಮ ಕೇಸು ಕೂಗಿದರು. ಹಿರಿಯ ಮಗ ತಮ್ಮ ವಕೀಲರ ಹಿಂದೆ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಇಟ್ಟುಕೊಂಡು ನಿಂತಿದ್ದರು. ನಮ್ಮನ್ನು ನೋಡಲಿಲ್ಲ. ಅವರ ವಕೀಲರು ಹಿರಿಯರು. ತಕರಾರು ಸಲ್ಲಿಸಲು ರಜೆಯ ನಂತರದ ದಿನ ಕೊಡಿ ಎಂದು ಕೇಳಿದರು. ರಜೆಯ ನಂತರ ಎಂದರೆ ಮದುವೆ ಮುಗಿದ ಮೇಲೆ.

ಲಾಯರಮ್ಮ ಎದ್ದರು. "ಕಟ್ಟಡದ ಮೇಲೆ ನಮಗೆ ಯಾವ ಹಕ್ಕೂ ಬೇಡ. ಅದು ಅಣ್ಣತಮ್ಮಂದಿರು ತೀರ್ಮಾನ ಮಾಡ್ಕೊಳ್ಳೋ ವಿಷಯ. ನಮ್ಮ ಕಂಬ, ನಮ್ಮ ಬಟ್ಟೆ, ನಮ್ಮ ಪಾತ್ರೆ ಮಾತ್ರ ಕೇಳ್ತಿದೀವಿ. ಒಳಗೆ ಅವರ ಮನೆಯ ಒಂದು ತಾಮ್ರದ ಹಂಡೆ ಇದೆ. ಅದು ನಮ್ಮದಲ್ಲ, ಅಲ್ಲೇ ಇರಲಿ."

ನ್ಯಾಯಾಧೀಶರು ತಲೆಯೆತ್ತಿ ಹಿರಿಯ ಮಗನನ್ನೇ ಕರೆದು ಕೇಳಿದರು. "ಏನಪ್ಪಾ, ಶಾಮಿಯಾನ ನಿಮಗೆ ಬೇಕಾ?"

"ನಂಗ್ಯಾಕೆ ಸ್ವಾಮಿ ಶಾಮಿಯಾನ?" ಎಂದುಬಿಟ್ಟರು ಅವರು. ಹಾಲಿನಲ್ಲಿ ಸಣ್ಣಗೆ ನಗು ಎದ್ದಿತು. ಅವರೂ ಗಲಿಬಿಲಿಯಾಗಿ, "ಹಂಡೆ ನಮ್ಮಜ್ಜೀದು ಸ್ವಾಮಿ. ಅದು ಅಲ್ಲೇ ಅದಾ? ಮಾರ್ಕಂಡವ್ರೆ ಅಂದ್ಕಂಡಿದ್ದೆ" ಎಂದರು. ಆಗ ಮೊದಲ ಸಲ ನಮ್ಮ ಕಡೆ ತಿರುಗಿ ನೋಡಿದರು.

ಇಬ್ಬರು ವಕೀಲರೂ ಹೊರಗೆ ಹೋಗಿ ಮಾತಾಡಿಕೊಂಡು ಬನ್ನಿ, ಮಧ್ಯಾಹ್ನ ಕರೆಯುತ್ತೇನೆ ಎಂದರು ನ್ಯಾಯಾಧೀಶರು.

ಜಗಲಿಯಲ್ಲಿ ನಿಂತು ಹಿರಿಯ ಮಗ ತಮ್ಮ ಭಯ ಹೇಳಿಕೊಂಡರು. "ಇವ್ರು ಕಾಲಿ ಮಾಡ್ಕೊಂಡು ಹೋದ್ ತಕ್ಷಣ ಅವನು ಬಂದು ಬೀಗ ಹಾಕ್ಕಂತಾನೆ ಮೇಡಂ. ಆಮೇಲೆ ನಾನೇನ್ ಮಾಡ್ಲಿ?" ಲಾಯರಮ್ಮ ಎದುರು ಕಡೆಯ ವಕೀಲರ ಒಪ್ಪಿಗೆ ಕೇಳಿ ಹಿರಿಯ ಮಗನಿಗೂ ಅಷ್ಟೇ ತಾಳ್ಮೆಯಿಂದ ವಿವರಿಸಿದರು. ಕೋರ್ಟಿನ ಕಡೆಯಿಂದ ಒಬ್ಬ ಕಮಿಷನರ್ ಬರುತ್ತಾರೆ, ಅವರ ಮುಂದೆ ಬಾಗಿಲು ತೆಗೆಯುವುದು, ನಮ್ಮ ಸಾಮಾನು ಪಟ್ಟಿ ಮಾಡಿ ನಮಗೆ ಕೊಡುವುದು, ಆಮೇಲೆ ಅಣ್ಣನದೊಂದು ತಮ್ಮನದೊಂದು ಎರಡು ಬೀಗ ಹಾಕುವುದು. ಪಾಲು ತೀರ್ಮಾನವಾಗುವ ತನಕ ಒಬ್ಬರನ್ನು ಬಿಟ್ಟು ಒಬ್ಬರು ತೆಗೆಯುವಂತಿಲ್ಲ. ಹಿರಿಯ ಮಗ ಒಪ್ಪಿದರು. ತಮ್ಮನೂ ಕೇಸಿನಲ್ಲಿ ಪ್ರತಿವಾದಿಯಾಗಿದ್ದ, ಅವನೂ ಬಂದು ಒಪ್ಪಿ ಸಹಿ ಹಾಕಬೇಕಿತ್ತು. ಅವನಿಗೆ ನೋಟಿಸು ತಲುಪಿತ್ತು, ಬಂದಿರಲಿಲ್ಲ.

ಫೋನ್ ಮಾಡಿದರೆ ಸಿಗಲಿಲ್ಲ. ಜೀಪು ಕಾಡಿನೊಳಗೆ ಹೋದರೆ ಸಿಗ್ನಲ್ ಇರುವುದಿಲ್ಲ. ನನ್ನ ಗಂಡ ಟೆಂಪೋ ಹತ್ತಿದರು. ಹುಣಸೂರು ದಾಟಿ, ಎಚ್.ಡಿ.ಕೋಟೆ ದಾಟಿ, ಕಾಕನಕೋಟೆಯ ತನಕ ಹೋಗಿ ಬರಬೇಕು, ಕೋರ್ಟು ಏಳುವುದರೊಳಗೆ. ನಾನು ಜಗಲಿಯ ಕಂಬಕ್ಕೆ ಒರಗಿ ಕೂತು ನಮಾಜಿನ ದುವಾಗಳನ್ನೆಲ್ಲ ಮನಸ್ಸಿನಲ್ಲೇ ಹೇಳಿಕೊಂಡೆ. ಸ್ವಲ್ಪ ದೂರದಲ್ಲಿ ಹಿರಿಯ ಮಗನೂ ಕೂತಿದ್ದರು. ಅವರ ತುಟಿಯೂ ಅಲುಗುತ್ತಿತ್ತು. ಇಬ್ಬರೂ ಒಂದೇ ವಿಷಯಕ್ಕೆ ಬೇಡಿಕೊಳ್ಳುತ್ತಿದ್ದೇವೆ ಎಂದು ತಿಳಿದಾಗ ನನಗೆ ವಿಚಿತ್ರವಾಗಿ ಸಮಾಧಾನವಾಯಿತು.

ಮಧ್ಯಾಹ್ನ ಕೇಸು ಕೂಗಿದಾಗ ಟೆಂಪೋ ಬಂದಿರಲಿಲ್ಲ. ಲಾಯರಮ್ಮ, "ಎರಡನೇ ಪ್ರತಿವಾದಿ ದಾರಿಯಲ್ಲಿದಾರೆ" ಎಂದರು. ಕೊನೆಗೆ ಇಡಿ ಎಂದರು ನ್ಯಾಯಾಧೀಶರು. ಒಂದೊಂದೇ ಕೇಸು ಮುಗಿಯುತ್ತ ಬಂತು. ಹಾಲು ಖಾಲಿಯಾಗುತ್ತ ಬಂತು. ಕೊನೆಗೆ ಹೊರಗೆ ನಮ್ಮ ಟೆಂಪೋದ ಹಾರ್ನು ಕೇಳಿಸಿತು. ಅದರ ಹಾರ್ನಿಗೆ ಕೆಮ್ಮು ಹಿಡಿದಂಥ ಒಂದು ದನಿ ಇದೆ. ಅಷ್ಟು ಇಂಪಾದ ಸದ್ದನ್ನು ನಾನು ಮೊದಲು ಕೇಳಿರಲಿಲ್ಲ.

ಕಿರಿಯ ಮಗ ರೆಸಾರ್ಟಿನ ಹಸಿರು ಸಮವಸ್ತ್ರದಲ್ಲೇ ಬಂದಿದ್ದ, ಮೈಯೆಲ್ಲ ಕಾಡಿನ ಧೂಳು. ಕಾಗದ ನೋಡಿದವನೇ ಹಿಂಜರಿದ. "ಸೈನ್ ಹಾಕ್ಬುಟ್ರೆ ನನ್ನ ಪಾಲು ಹೋಯ್ತದಾ?"

"ನಾನು ನಿಮ್ಮ ಲಾಯರ್ ಅಲ್ಲ. ನನ್ನ ಮಾತು ನಂಬಿ ಸಹಿ ಹಾಕ್ಬೇಡಿ" ಎಂದರು ಲಾಯರಮ್ಮ. ಅಲ್ಲೇ ಇದ್ದ ಇನ್ನೊಬ್ಬ ವಕೀಲರನ್ನು ಕರೆದು, ಇವರಿಗೆ ಓದಿ ಹೇಳಿ ಎಂದು ಕೇಳಿಕೊಂಡರು. ಆ ವಕೀಲರು ಅವನನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಓದಿದರು. ಪಾಲಿನ ಹಕ್ಕಿಗೆ ಇದರಿಂದ ಯಾವ ಧಕ್ಕೆಯೂ ಇಲ್ಲ ಎಂಬ ಸಾಲನ್ನು ಎರಡು ಸಲ ಓದಿಸಿಕೊಂಡು ಅವನು ಸಹಿ ಹಾಕಿದ. ಸಂಜೆಯ ಬಿಸಿಲು ಕಿಟಕಿಯಿಂದ ಒಳಗೆ ಬಿದ್ದಿದ್ದಾಗ ಆದೇಶವಾಯಿತು.

ಮಾರನೆಯ ದಿನ ಕಮಿಷನರಾಗಿ ಬಂದವರು ಒಬ್ಬ ಯುವ ವಕೀಲರು. ಸರಪಳಿ ಬಿಚ್ಚಿತು, ನಮ್ಮ ಬೀಗ ತೆರೆಯಿತು, ಒಳಗಿನ ಆ ಪರಿಚಿತ ಘಾಟು ಮೂಗಿಗೆ ಬಡಿದು ನಾನು ಸೀನಿದೆ. ಕಮಿಷನರು ಸೌಟು, ಜಾಲರಿ, ಕೊಳಗಗಳನ್ನು ಬರೆಯುತ್ತ ಬರೆಯುತ್ತ, "ಇದಕ್ಕೇನಂತಾರೆ? ಇದಕ್ಕೆ?" ಎಂದು ಕೇಳುತ್ತ ಬೆವರಿದರು. ಹಿರಿಯ ಮಗ ಮೂಲೆಗೆ ಹೋಗಿ ಹಂಡೆಯನ್ನು ಹೊರಳಿಸಿ, ಪಂಚೆಯ ಅಂಚಿನಿಂದ ಉಜ್ಜಿ, ಅಲ್ಲಿ ಕೆತ್ತಿದ್ದ ಅಜ್ಜಿಯ ಹೆಸರನ್ನು ಬೆರಳಿನಿಂದ ಸವರಿದರು. ತಮ್ಮ ಹತ್ತಿರ ಬಂದು ಬಗ್ಗಿ ನೋಡಿದ. ಸ್ವಲ್ಪ ಹೊತ್ತಾದ ಮೇಲೆ ನೋಡುತ್ತೇನೆ, ಉದ್ದದ ಕಂಬಗಳನ್ನು ಟೆಂಪೋಕ್ಕೆ ಏರಿಸಲು ಒಂದು ತುದಿಗೆ ಅಣ್ಣ, ಇನ್ನೊಂದು ತುದಿಗೆ ತಮ್ಮ ಹೆಗಲು ಕೊಟ್ಟಿದ್ದಾರೆ. "ನಿಧಾನಕ್ಕೆ ಕಣ್ಲಾ, ತಲೆ ನೋಡ್ಕ" ಎಂದರು ಅಣ್ಣ.

ಆ ಹೊಲದಲ್ಲಿ ಶಾಮಿಯಾನ ಎದ್ದಾಗ ಹುಡುಗಿಯ ತಂದೆ ಕೆಳಗೆ ನಿಂತು ತಲೆಯೆತ್ತಿ ನೋಡಿದರು. ಗಾಳಿ ಬಂದು ಅರಿಶಿನ ಹಸಿರಿನ ಬಟ್ಟೆ ಉಬ್ಬಿ ಇಳಿಯಿತು. "ಅಯ್ಯೋ ತಾಯಿ, ನಮ್ಮೊಲಕ್ಕೆ ಉಸ್ರು ಬಂದಂಗಾಯ್ತು ಕಣವ್ವ" ಎಂದರು. ಅವರಿಗೆ ನಾವು ಬೀಗದ ವಿಷಯ ಹೇಳಿರಲೇ ಇಲ್ಲ. ಮದುವೆಯ ದಿನ ಧಾರೆಯಾದ ಮೇಲೆ ಹುಡುಗಿ ಬಾಸಿಂಗದ ಸಮೇತ ಓಡಿಬಂದು ನನ್ನ ಕೈ ಹಿಡಿದು, ಬಣ್ಣ ಹೇ‍ಗಿದೆ ನೋಡಿದ್ರಾ ಆಂಟಿ ಎಂದಳು, ತಾನೇ ನೇಯ್ದವಳ ಹಾಗೆ. ನನ್ನ ಗಂಡ ವಿಡಿಯೋ ಮಾಡುತ್ತಿದ್ದರು. ನಾನು ಬೈಯಲಿಲ್ಲ.

ಈಗ ನಮ್ಮ ಸಾಮಾನು ಹುಣಸೂರಿನ ಹತ್ತಿರ, ಗುರುಪುರದ ದಾರಿಯಲ್ಲಿ ಒಂದು ಶೆಡ್ಡಿನಲ್ಲಿದೆ. ಅದಕ್ಕೆ ಕರಾರು ಬರೆಸಿದ್ದೇವೆ, ಬರೆದದ್ದು ಅದೇ ಲಾಯರಮ್ಮ.

ಮಳೆಗಾಲ ಶುರುವಾದ ಮೇಲೆ ಒಂದು ದಿನ ಕಂಪಲಾಪುರದಿಂದ ಹಿರಿಯ ಮಗನ ಫೋನು ಬಂತು. "ನಿಮ್ಮ ಲಾಯರಮ್ಮನ ಹತ್ರ ಹೋಗಿದ್ದೆ ಕಣಮ್ಮ, ಪಾಲಿನ ಕೇಸು ಆಕ್ಸಣ ಅಂತ."

"ಅಣ್ಣ, ಅವ್ರು ನಿಮ್ಮ ಎದುರಿಗೆ ನಿಂತೋರಲ್ವಾ?"

"ಅದಕ್ಕೇ ಹೋಗಿದ್ದು. ನಮ್ಮ ಕಡೇರಿಗಿಂತ ಅವ್ರು ಹೇಳಿದ್ದೇ ನಂಗೆ ಚೆನ್ನಾಗಿ ಅರ್ಥ ಆಯ್ತು. ಮೆಟ್ಲು ಹತ್ತಿ ನೋಡಿದ್ರೆ ಅಲ್ಲಿ ನನ್ನ ತಮ್ಮ ಕುಂತವ್ನೆ! ಅವನೂ ಅದೇ ಕೆಲ್ಸಕ್ಕೆ ಬಂದವ್ನೆ."

"ಅವ್ರೇನಂದ್ರು?"

"ಇಬ್ರ ಪರವಾಗೂ ನಿಲ್ಲಕ್ಕಾಗಲ್ಲ, ಒಬ್ರ ಪರವಾಗೂ ನಿಲ್ಲಕ್ಕಾಗಲ್ಲ ಅಂದ್ರು. ಇನ್ನೇನ್ ಮಾಡೋದು, ಇಬ್ರೂ ಕೆಳಕ್ಕೆ ಬಂದ್ವಿ. ಅಪ್ಪ ಹೋದ್ಮೇಲೆ ಮೊದ್ಲನೇ ಸಲ ಕಣಮ್ಮ, ಒಟ್ಟಿಗೆ ಕುಂತು ಟೀ ಕುಡುದ್ವಿ."

"ಕೇಸು?"

ಆಚೆ ಕಡೆಯಿಂದ ನಗು ಕೇಳಿಸಿತು. "ಇನ್ನೂ ಆಕಿಲ್ಲ ಬುಡಿ. ಇವತ್ತು ಅವನೇ ಮನೆಗೆ ಬತ್ತೀನಿ ಅಂದವ್ನೆ, ಊಟಕ್ಕೆ."